ಗೋಧಿ ಇಲ್ಲದ ಬುತ್ತಿ



ಇಂದು ಬುತ್ತಿಯ ವಿಷಯ ಮಾತನಾಡೋಣ. "ಬುತ್ತಿ ಕಟ್ಟೋದು ಸಿಸ್ಟರ್ ನಮಗೇನ ಕಲಸ್ತಾರ" ಎಂದು ನೀವು ನಗಬಹುದು. ಯಂಕಂಚಿಯ ತಾಯಂದಿರಿಗೆ ರೊಟ್ಟಿ ಬಡಿಯುವುದನ್ನು ನಾನು ಕಲಿಸಲಾರೆ. ನನ್ನ ರೊಟ್ಟಿ ಇಂದಿಗೂ ಅಂಚಿನಲ್ಲಿ ಸೀಳುತ್ತದೆ. ಆದರೆ ಗೋಧಿ ತಿನ್ನಲೇಬಾರದು ಎಂದು ವೈದ್ಯರು ಹೇಳಿದವರು ಕೆಲಸಕ್ಕೆ ಏನು ಒಯ್ಯಬೇಕು ಎಂಬ ಪ್ರಶ್ನೆ ಸಣ್ಣದಲ್ಲ.

ದಿನಾಲು ಬಸ್ಸಿನಲ್ಲಿ ಸಿಂದಗಿಗೆ ಹೋಗಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ತಂಗಿಯೊಬ್ಬಳು ನಮ್ಮಲ್ಲಿಗೆ ಬರುತ್ತಿದ್ದಳು. ಮೈಯಲ್ಲಿ ರಕ್ತವಿಲ್ಲ, ಹೊಟ್ಟೆ ಉಬ್ಬರ, ಆಗಾಗ ಭೇದಿ. ಕಬ್ಬಿಣದ ಗುಳಿಗೆ ವರ್ಷಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ. ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲವೆಂದು ನಾನೇ ಅವಳನ್ನು ಗದರಿಸಿದ್ದೆ. ಆ ತಪ್ಪು ನನ್ನದು. ಕೊನೆಗೆ ರಕ್ತ ಪರೀಕ್ಷೆ ಮತ್ತು ಎಂಡೋಸ್ಕೋಪಿಯಿಂದ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು.

ಚಪಾತಿ ಹಿಟ್ಟಿನ ಉಂಡೆಯೊಂದನ್ನು ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು ನೋಡಿ. ಬಿಳಿ ನೀರೆಲ್ಲ ಹೋದ ಮೇಲೆ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಅದೇ ಗ್ಲುಟನ್. ಚಪಾತಿ ಎಳೆದಂತೆ ಹಿಗ್ಗುವುದು ಅದರಿಂದ. ಜೋಳದ ಹಿಟ್ಟಿನಲ್ಲಿ ಅದು ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದದಿದ್ದರೆ ರೊಟ್ಟಿ ಒಡೆಯುತ್ತದೆ. ಈ ಕಾಯಿಲೆ ಇದ್ದವರ ಹೊಟ್ಟೆಗೆ ಗ್ಲುಟನ್ ಹೋದರೆ ದೇಹದ ರಕ್ಷಣಾ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಆಗ ಕಬ್ಬಿಣ, ಸುಣ್ಣದ ಅಂಶ ಯಾವುದೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಇರುವ ಚಿಕಿತ್ಸೆ ಪಥ್ಯವೊಂದೇ, ಅದೂ ಜೀವನಪೂರ್ತಿ. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯ, ಇವು ಮೂರೂ ನಿಷಿದ್ಧ.

ಇದನ್ನು ಕಂಡುಕೊಂಡದ್ದು ಹಾಲೆಂಡಿನ ಮಕ್ಕಳ ವೈದ್ಯ ಡಿಕ್ಕೆ. ಗೋಧಿಯ ಮೇಲೆ ಅವರಿಗೆ ಮೊದಲೇ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಆ ದೇಶದಲ್ಲಿ ಬರ ಬಿದ್ದು ಬ್ರೆಡ್ ಸಿಗದಂತಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಕುಸಿದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೊಟ್ಟೆ ಉಬ್ಬಿತೆಂದು ನೀವಾಗಿಯೇ ಗೋಧಿ ಬಿಡಬೇಡಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಕಾಯಿಲೆ ಇಲ್ಲದವರಿಗೆ ಗೋಧಿ ವಿಷವೇನಲ್ಲ. ಆದರೆ ಒಬ್ಬರಿಗೆ ಇದ್ದರೆ ಅವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಇರುವ ಸಂಭವ ಹೆಚ್ಚು. ಅವರನ್ನೂ ತೋರಿಸಿ.

ಆ ತಂಗಿಯ ಮಾತಿಗೆ ಬರೋಣ. ಮನೆಯಲ್ಲಿ ಚಪಾತಿ ಬಿಟ್ಟಳು, ಆದರೂ ಭೇದಿ ನಿಲ್ಲಲಿಲ್ಲ. ಮಧ್ಯಾಹ್ನ ಏನು ತಿನ್ನುತ್ತೀ ಎಂದರೆ ತಲೆ ತಗ್ಗಿಸಿದಳು. "ಎಲ್ಲಾರೂ ಚಪಾತಿ ತಂದಿರ್ತಾರ್ರಿ. ನಾ ಒಬ್ಬಾಕಿನ ರೊಟ್ಟಿ ಬಿಚ್ಚಿದ್ರ ಹಳ್ಳ್ಯಾಕಿ ಅಂತ ನಗ್ತಾರ್ರಿ ಸಿಸ್ಟರ್." ಅದಕ್ಕೇ ಹೋಟೆಲಿನಲ್ಲಿ ಪುರಿ-ಬಾಜಿ ತಿನ್ನುತ್ತಿದ್ದಳು. ನೋಡಿ, ಜೋಳದ ನಾಡಿನಲ್ಲಿ ಹುಟ್ಟಿ ಜೋಳಕ್ಕೆ ನಾಚುವ ಕಾಲ ಬಂದಿದೆ! ದೊಡ್ಡ ಊರುಗಳಲ್ಲಿ ಈ ಕಾಯಿಲೆಯವರು ಗ್ಲುಟನ್ ಇಲ್ಲದ ಹಿಟ್ಟಿನ ಪೊಟ್ಟಣವನ್ನು ದುಬಾರಿ ಬೆಲೆಗೆ ಕೊಳ್ಳುತ್ತಾರೆ. ನಮ್ಮ ಮಾಲದಂಡಿ ಜೋಳದಲ್ಲಿ ಅದು ಹುಟ್ಟಾ ಇಲ್ಲ.

ಮೆತ್ತನೆಯ ರೊಟ್ಟಿಯನ್ನು ಬಿಸಿ ಇರುವಾಗಲೇ ಮಡಚಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಮಧ್ಯಾಹ್ನದವರೆಗೆ ಬಿರುಸಾಗದು. ಬೆಳಿಗ್ಗೆ ಹೊತ್ತಿಲ್ಲದವರು ರವಿವಾರ ಕಡಕ್ ರೊಟ್ಟಿ ಮಾಡಿಟ್ಟುಕೊಳ್ಳಲಿ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರ ಗಂಟಿನಲ್ಲಿ ಇರುವುದೂ ಅದೇ ಅಲ್ಲವೇ? ಅದೇ ದಿನ ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿಟ್ಟರೆ ವಾರದ ಅರ್ಧ ಚಿಂತೆ ಹೋಯಿತು. ಹಿಂದಿನ ರಾತ್ರಿ ಮಡಕಿಕಾಳನ್ನೋ ಹೆಸರುಕಾಳನ್ನೋ ನೆನೆಸಿಟ್ಟರೆ ಬೆಳಿಗ್ಗೆ ಪಲ್ಯ. ಒಂದು ದಿನ ಬದನೆಕಾಯಿ ಎಣ್ಣೆಗಾಯಿ, ಒಂದು ದಿನ ಝುಣಕ. ರೊಟ್ಟಿ ಬೇಸರವಾದ ದಿನ ಚಿತ್ರಾನ್ನ ಅಥವಾ ಮೊಸರನ್ನ, ಅರ್ಧ ದಿನದ ಕೆಲಸವಿದ್ದರೆ ಚುರುಮುರಿ ಸುಸಲಾ ಸಾಕು. ಜೊತೆಗೆ ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಒಂದು ಹೋಳು ಲಿಂಬೆ. ಲಿಂಬೆಯ ಹುಳಿಯಿಂದ ಕಾಳಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ನಾಲ್ಕು ಗಂಟೆಯ ಚಹಾಕ್ಕೆ ಬಿಸ್ಕೀಟು ಬೇಡ. ಹುರಿದ ಶೇಂಗಾ, ಪುಟಾಣಿ, ಬಾಳೆಹಣ್ಣು ಇರಲಿ.

ಇಷ್ಟು ಮಾಡಿದರೂ ಅವಳಿಗೆ ಪೂರ್ತಿ ಗುಣವಾಗಲಿಲ್ಲ. ಕಾರಣ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿಗೇ ಅವರ ಜೋಳವನ್ನೂ ಹಾಕುತ್ತಿದ್ದರು. ಗ್ಲುಟನ್ ಇಲ್ಲದ್ದು ಎಂದು ಅಂಗಡಿಯ ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಚಿಟಿಕೆಗಿಂತಲೂ ಎಷ್ಟು ಕಡಿಮೆ ನೋಡಿ. ಆದ್ದರಿಂದ ಜೋಳ, ಕಡಲೆ ಮಾತ್ರ ಬೀಸುವ ಗಿರಣಿ ಸಿಕ್ಕರೆ ಉತ್ತಮ. ಇಲ್ಲವೇ ಅಟ್ಟದ ಮೇಲಿನ ಬೀಸುವ ಕಲ್ಲನ್ನು ಇಳಿಸಿ ತೊಳೆದುಕೊಳ್ಳಿ. ಅವಳ ಅತ್ತೆ ಅದನ್ನೇ ಮಾಡಿದರು, ಅವರಿಗೆ ನನ್ನ ನಮಸ್ಕಾರ. ಜರಡಿ, ಪರಾತ, ಡಬ್ಬಿ ಪ್ರತ್ಯೇಕವಿರಲಿ. ಜಿಗಿ ಬರಲೆಂದು ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಬೆರೆಸುವ ರೂಢಿ ಕೆಲವರಿಗಿದೆ, ಅದು ಕೂಡದು. ಅಂಗಡಿಯ ಇಂಗಿಗೆ ಎಷ್ಟೋ ವೇಳೆ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಓದಿ ಕೊಳ್ಳಿ. ಮಿರ್ಚಿ ಬಜಿ ಕಡಲೆ ಹಿಟ್ಟಿನದೇ, ಆದರೆ ಪುರಿ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರುತ್ತಾರೆ. ರವೆ, ಶಾವಿಗೆ, ಮೈದಾ ಎಲ್ಲವೂ ಗೋಧಿಯೇ. ಶಕ್ತಿ ಬರಲೆಂದು ರೋಗಿಗೆ ತರುವ ಮಾಲ್ಟ್ ಪುಡಿಯಲ್ಲಿ ಜವೆಗೋಧಿ ಇರುತ್ತದೆ.

ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸುವಾಗ ಬೇಡವೆನ್ನಲು ಅನೇಕರಿಗೆ ಸಂಕೋಚ. ಪ್ರಸಾದಕ್ಕೆ ಹೇಗೆ ಒಲ್ಲೆ ಅನ್ನುವುದು ಎಂದು ಆ ತಂಗಿ ಅತ್ತಿದ್ದಳು. ಬಡಿಸುವವರಿಗೆ ಮೊದಲೇ ಕಾಯಿಲೆ ತಿಳಿಸಿ ಅನ್ನ-ಸಾರು ಕೇಳಿರಿ, ಹುಗ್ಗಿಯ ಸೌಟು ಅದಕ್ಕೆ ತಾಗದಿರಲಿ ಎಂದೂ ಹೇಳಿರಿ. ಅನ್ನವೂ ಪ್ರಸಾದವೇ.

ಗಿರಣಿ ಬಿಟ್ಟ ಎಂಟು ತಿಂಗಳಿಗೆ ಅವಳ ರಕ್ತ ಏರಿತು. ಈಗ ಅಂಗಡಿಯಲ್ಲಿ ಜೊತೆಯವರೇ ಅವಳ ಡಬ್ಬಿಯ ಶೇಂಗಾ ಹಿಂಡಿಗೆ ಕೈ ಚಾಚುತ್ತಾರಂತೆ. ಚಪಾತಿ ಮುಟ್ಟಿದ ಕೈ ಹಾಕಬೇಡಿರೆಂದು ಚಮಚೆ ಒಯ್ಯುತ್ತಾಳೆ.

ಪಥ್ಯ ಹೇಳಿಸಿಕೊಂಡವರು ಮುಂದಿನ ಸಲ ಬರುವಾಗ ಒಂದು ವಾರ ಏನೇನು ಬುತ್ತಿ ಒಯ್ದಿರೆಂದು ಬರೆದುಕೊಂಡು ಬನ್ನಿ. ಹಿಟ್ಟು ಎಲ್ಲಿ ಬೀಸಿಸಿದಿರಿ ಎಂಬುದನ್ನೂ ಬರೆಯಿರಿ. ಕೂತು ನೋಡೋಣ.