ಒಂದೇ ಥೈಲಿಯ ಲೆಕ್ಕ
(ಹೊಳಲ್ಕೆರೆಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹುಡುಗರು ಕಂಪ್ಯೂಟರಿನಲ್ಲಿ ಆಡುವ ಆಟದ ಮಾತೆತ್ತಿದೆವೆಂದು ನಗಬೇಡಿ. ೨೦೧೦ರಲ್ಲಿ ಬಂದ ‘ಡಿಸ್ಟೆಂಟ್ ವರ್ಲ್ಡ್ಸ್’ ಎಂಬ ಆಟದಲ್ಲಿ ಆಡುವವನೇ ಸರ್ಕಾರ. ನಕ್ಷತ್ರಗಳ ನಡುವೆ ಅವನ ರಾಜ್ಯಭಾರ. ಬಂದರು ಕಟ್ಟುವುದು, ಯುದ್ಧನೌಕೆ ಇಡುವುದು, ತೆರಿಗೆ ಎತ್ತುವುದು ಅವನ ಕೆಲಸ. ಸರಕಿನ ಹಡಗು ಮಾತ್ರ ಅವನ ಅಪ್ಪಣೆಗೆ ಕಾಯುವುದಿಲ್ಲ, ಅದು ಖಾಸಗಿಯವರದು. ಎಲ್ಲಿ ಅದಿರು ಬೇಕೋ ಅಲ್ಲಿಗೆ ತಾನೇ ಸಾಗುತ್ತದೆ. ದರೋಡೆಗಾರರಿಂದ ಅದನ್ನು ಕಾಯದಿದ್ದರೆ ಸರ್ಕಾರದ ಬೊಕ್ಕಸವೂ ಒಣಗುತ್ತದೆ.

ಇದು ನಮಗೆ ಹೊಸದೇ? ಹಿರಿಯೂರಿನ ಬಳಿ ಮಾರಿ ಕಣಿವೆಯ ಕಟ್ಟೆಯನ್ನು ೧೯೦೭ರಲ್ಲಿ ಮುಗಿಸಿದ್ದು ಮೈಸೂರು ಸರ್ಕಾರ. ಆ ನೀರಿನಲ್ಲಿ ಬೆಳೆದದ್ದನ್ನು ಸಂತೆಗೆ ಹೊತ್ತವರು ರೈತರು, ವರ್ತಕರು. ಹೊಸದುರ್ಗದ ಕೊಬ್ಬರಿಯನ್ನು ಚಿತ್ರದುರ್ಗದ ಹೆದ್ದಾರಿಗೆ ಒಯ್ಯುವ ಲಾರಿಗೂ ದಾರಿ ಹೇಳುವವನು ಮಂತ್ರಿಯಲ್ಲ. ಅಷ್ಟರಮಟ್ಟಿಗೆ ಆಟ ನಿಜ ಹೇಳುತ್ತದೆ.

ಆದರೆ ಒಂದು ಕಡೆ ಲೆಕ್ಕ ತಪ್ಪಿದೆ. ಅಲ್ಲಿ ಖಾಸಗಿಯವರಿಗೆಲ್ಲ ಸೇರಿ ಒಂದೇ ಥೈಲಿ. ಹತ್ತು ಲಾರಿಯ ಧಣಿ, ಸಾಲ ತಂದು ಅಂಗಡಿ ಇಟ್ಟವನು, ಮೂಟೆ ಹೊರುವ ಹಮಾಲ, ಎಲ್ಲರೂ ಅದರೊಳಗೇ. ಥೈಲಿ ತುಂಬಿದರೆ ಎಲ್ಲರೂ ಸುಖವೆಂದೇ ಎಣಿಕೆ. ಕೂಲಿ ಎಷ್ಟೆಂದು ಕೇಳುವವರಿಲ್ಲ, ಹಡಗಿನಲ್ಲಿ ಮುಷ್ಕರವಿಲ್ಲ.

ಆಟ ಕಟ್ಟಿದವರನ್ನು ನಾವು ದೂರುವುದಿಲ್ಲ. ದೊಡ್ಡ ಲೆಕ್ಕಕ್ಕೆ ಸುಲಭದ ದಾರಿ ಹಿಡಿದರು, ಅಷ್ಟೆ. ಆದರೆ ಆಯವ್ಯಯ ಓದುವವರೂ ‘ಖಾಸಗಿ ವಲಯ ಬೆಳೆಯಿತು’ ಎಂದು ಅದೇ ಥೈಲಿಯನ್ನು ಎತ್ತಿ ತೋರಿಸಿದಾಗ ನಾವು ಕೇಳಬೇಕಾದ್ದು ಒಂದೇ ಪ್ರಶ್ನೆ: ಅದರಲ್ಲಿ ಯಾರ ಪಾಲು ಎಷ್ಟು?

ಒಬ್ಬನೇ ಕೇಳಿದರೆ ಉತ್ತರ ಬಾರದು. ಅದಕ್ಕೇ ಸಂಘ ಬೇಕು.