ಇಂಜಿನ್ನಿನ ಕನೆಕ್ಟಿಂಗ್ ರಾಡು
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಮಗ್ಗ ನಡೆಸಿದವರಿಗೆ ಕನೆಕ್ಟಿಂಗ್ ರಾಡು ಹೊಸ ವಸ್ತುವೇನಲ್ಲ. ಕ್ರ್ಯಾಂಕಿನ ಸುತ್ತಾಟದಿಂದ ನೂಲು ಬಡಿಯುವ ಚೌಕಟ್ಟನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ತೋಳೊಂದು ಉಂಟಲ್ಲ, ಅದರ ದಾಯಾದಿಯೇ ಇದು. ಮೋಟಾರು ಇಂಜಿನ್ನಿನಲ್ಲಿ ಕೆಲಸ ಮಾತ್ರ ತಿರುವುಮುರುವು: ಪಿಸ್ಟನ್ನಿನ ಏರಿಳಿತ ಕ್ರ್ಯಾಂಕಿನ ಸುತ್ತಾಗುತ್ತದೆ. ಮಗ್ಗದ ತೋಳು ಮುರಿದರೆ ಮಗ್ಗ ನಿಂತೀತು. ವೇಗದಲ್ಲಿರುವ ಇಂಜಿನ್ನಿನ ರಾಡು ಮುರಿದರೆ ಬ್ಲಾಕಿನ ಗೋಡೆಯನ್ನೇ ಒಡೆದು ಹೊರಬರುವುದುಂಟು. ಬಿಸಿ ಎಣ್ಣೆ ಚಕ್ರದಡಿ ಚೆಲ್ಲಿದರೆ ಗಾಡಿಯಲ್ಲಿದ್ದವರ ಗತಿ ಹೇಳಬೇಕಾಗಿಲ್ಲ.

ಹಳೆಯ ಇಂಜಿನ್ನಿನ ಬಲ ಹೆಚ್ಚಿಸಿ ರಸ್ತೆಯಲ್ಲಿ ಓಡಿಸುವುದು ಅಮೆರಿಕದವರ ದೊಡ್ಡ ಹವ್ಯಾಸ. 1967ರಲ್ಲಿ ಬಂದ ಷೆವ್ರೊಲೆಯ 350 ಘನ ಅಂಗುಲದ ವಿ-8 ಅವರಿಗೆ ಅಚ್ಚುಮೆಚ್ಚು. ಅದರ ಪಿಸ್ಟನ್ನಿನ ಓಟ 3.48 ಅಂಗುಲ, ರಾಡಿನ ಉದ್ದ 5.7 ಅಂಗುಲ. ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಪಿನ್ನು ಸೇರಿ 700 ಗ್ರಾಂ ತೂಗುವ ಪಿಸ್ಟನ್ನು ಮೇಲ್ತುದಿಯಲ್ಲಿ ರಾಡನ್ನು ಸುಮಾರು 1600 ಕಿಲೋ ಭಾರದಷ್ಟು ಜಗ್ಗುತ್ತದೆ. 7000 ಸುತ್ತಿಗೆ ಅದೇ ಜಗ್ಗು 2200 ಕಿಲೋ! ಎಳೆತವು ವೇಗದ ವರ್ಗದಂತೆ ಬೆಳೆಯುವುದರಿಂದ ಹೀಗೆ. ಹೊಗೆ ಹೊರಹಾಕುವ ಏರಿಕೆಯಲ್ಲಿ ಮೇಲಿನಿಂದ ಒತ್ತುವ ಅನಿಲವೂ ಇಲ್ಲ. ಆ ಹೊತ್ತಿನ ಭಾರವೆಲ್ಲ ರಾಡಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಅದರ ಎರಡು ಬೋಲ್ಟುಗಳ ಮೇಲೆ. ಆದ್ದರಿಂದ “ಎಷ್ಟು ಅಶ್ವಶಕ್ತಿ?” ಎನ್ನುವ ಮೊದಲು “ಎಷ್ಟು ಸುತ್ತು?” ಎಂದು ಕೇಳತಕ್ಕದ್ದು.

ಬೋಲ್ಟಿಗೆ ಹಣ ಉಳಿಸಬಾರದು. ಟಾರ್ಕ್ ಪಾನ ತೋರಿಸುವ ಅಂಕಿಯಲ್ಲಿ ಎಣ್ಣೆ, ಮರೆಗಳ ತಿಕ್ಕಾಟವೂ ಸೇರಿರುತ್ತದೆ, ಅದನ್ನೊಂದನ್ನೇ ನಂಬಲಾಗದು. ಬಿಗಿದಾಗ ಬೋಲ್ಟು ಎಷ್ಟು ಹಿಗ್ಗಿತೆಂದು ಗೇಜಿನಿಂದ ಅಳೆಯುವುದೇ ಸರಿ. ಬಿಚ್ಚಿದ ಮೇಲೂ ಅದು ಮೊದಲಿಗಿಂತ ಅಂಗುಲದ ಸಾವಿರದೊಂದು ಪಾಲು ಉದ್ದವಾಗಿ ಉಳಿದರೆ ಬಿಸಾಡಬೇಕು.

ಹಳೆಯ ರಾಡನ್ನೇ ದುರಸ್ತಿ ಮಾಡಿಸಿ ಹೊಸ ಬೋಲ್ಟು ಹಾಕಿಸುವ ಖರ್ಚು ಕೆಲವೊಮ್ಮೆ ಹೊಸ ರಾಡಿನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಹಾಗಿದ್ದಲ್ಲಿ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ 4340 ಉಕ್ಕನ್ನು ಬಡಿದು ಮಾಡಿದ ರಾಡನ್ನೇ ಕೊಳ್ಳುವುದು ಜಾಣತನ. ‘ಐ’ ಆಕಾರವೋ ‘ಎಚ್’ ಆಕಾರವೋ ಎಂಬ ವಾದ ಬಹುಮಟ್ಟಿಗೆ ಅಂಗಡಿಯವರದು; ಒಳ್ಳೆಯ ಕೈಯಲ್ಲಿ ತಯಾರಾದರೆ ರಸ್ತೆಯ ಗಾಡಿಗೆ ಎರಡೂ ನಡೆದಾವು. ಅಲ್ಯುಮಿನಿಯಂ ರಾಡು ಹಗುರ, ನಿಜ. ಆದರೆ ಬೇಗ ದಣಿಯುತ್ತದೆ. ಅಲ್ಪ ದೂರದ ಪಂದ್ಯಕ್ಕೆ ಅದು ಸರಿ, ದಿನವೂ ಓಡುವ ಗಾಡಿಗಲ್ಲ.

ಇದೇ ಇಂಜಿನ್ನಿಗೆ 3.75 ಅಂಗುಲ ಓಟದ ಕ್ರ್ಯಾಂಕು ಹಾಕಿ 383 ಘನ ಅಂಗುಲ ಮಾಡುವವರು ಇನ್ನೆರಡು ಸಂಗತಿ ನೋಡಬೇಕು. ರಾಡಿನ ಭುಜ, ಬೋಲ್ಟಿನ ತಲೆ ಕ್ಯಾಮ್ ಶಾಫ್ಟಿಗೆ ತಗಲುವ ಸಂಭವವುಂಟು. 6 ಅಂಗುಲದ ಉದ್ದ ರಾಡು ಹಾಕಿದರೆ ಪಿಸ್ಟನ್ನಿನ ಪಿನ್ನು ಮೇಲೇರಿ ಎಣ್ಣೆ ರಿಂಗಿನ ಜಾಗಕ್ಕೇ ನುಗ್ಗುತ್ತದೆ. ರಸ್ತೆಯ ಗಾಡಿಗೆ 5.7ರ ರಾಡೇ ಸಾಕೆಂದು ನನ್ನ ಅಭಿಪ್ರಾಯ. ಎಲ್ಲ ಬೋಲ್ಟು ಬಿಗಿಯುವ ಮುನ್ನ ಒಂದೊಂದು ರಾಡನ್ನೂ ಜೋಡಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ನೋಡಿ.