ಬಣ್ಣ ಕಲಿಸಲು ಬಯಲಿಗೆ ಬನ್ನಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಬಗ್ಗೆ ಏನಾದರೂ ಹೇಳಿ ಎಂದಿದ್ದರು. ಅವರ ಅಪ್ಪಣೆ ಪಡೆದು ವಿಷಯ ಬದಲಿಸಿಕೊಂಡಿದ್ದೇನೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಣ್ಣಗಳನ್ನು ಹೇಗೆ ಕಲಿಸಬೇಕು ಎಂಬುದು ಇಂದಿನ ನನ್ನ ವಿಷಯ. ಹೈಸ್ಕೂಲಿನ ಸಮಾರಂಭದಲ್ಲಿ ಅಂಗನವಾಡಿಯ ಮಾತೇಕೆ ಎಂದು ಕೇಳಬಹುದು. ನಮ್ಮ ಬ್ಯಾಚಿನವರಲ್ಲಿ ಬಹಳ ಮಂದಿಗೆ ಈಗ ಆ ವಯಸ್ಸಿನ ಮಕ್ಕಳಿದ್ದಾರೆ, ಅದು ಒಂದು ಕಾರಣ. ಇನ್ನೊಂದು, ಅಂಗನವಾಡಿಗಳನ್ನು ನಮಗೆ ಕೊಟ್ಟ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು ಆಯ್ದುಕೊಂಡ 33 ಕಡೆಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಅಂದರೆ ನಮ್ಮ ಶಾಲೆಯಂತೆ ಅದಕ್ಕೂ ಐವತ್ತು ತುಂಬಿದೆ. ಈ ಶಾಲೆಗೆ ಬರುವ ಮಕ್ಕಳು ಮೊದಲು ಕೂರುವುದು ಅಲ್ಲಿಯೇ.

ಬಣ್ಣ ಕಲಿಸುವುದೇನು ಮಹಾ ಎನ್ನಿಸುತ್ತದೆ. ಆದರೆ ಎರಡೂವರೆ ವರ್ಷದ ಮಗುವನ್ನು ಕೇಳಿ ನೋಡಿ. ಕೆಂಪು ಬಕೆಟ್ಟನ್ನು ಹಳದಿ ಎನ್ನುತ್ತದೆ, ಮರುಕ್ಷಣ ಅದನ್ನೇ ಹಸಿರು ಎನ್ನುತ್ತದೆ. ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಕೂಡ ತಮ್ಮ ಮಕ್ಕಳು ಬಣ್ಣದ ಹೆಸರು ಹೇಳಲು ತಡವರಿಸುವುದನ್ನು ಕಂಡು, ಇವಕ್ಕೆ ವರ್ಣಾಂಧತೆ ಇರಬೇಕು ಎಂದುಕೊಂಡಿದ್ದರಂತೆ. 1877ರ ತಮ್ಮ ಒಂದು ಬರಹದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಮುಂದೆ ಆ ಮಕ್ಕಳು ಸರಿಯಾಗಿಯೇ ಕಲಿತರು.

ಕಷ್ಟ ಇರುವುದು ಕಣ್ಣಿನಲ್ಲಲ್ಲ, ಪದದಲ್ಲಿ. ಬಸವ ಎಂದರೆ ಇಡೀ ಎತ್ತು, ಚೆಂಬು ಎಂದರೆ ಇಡೀ ಚೆಂಬು; ಬೆರಳು ಮಾಡಿ ತೋರಿಸಬಹುದು. ಕೆಂಪನ್ನು ಮಾತ್ರ ಬೇರೆ ಮಾಡಿ ಕೈಯಲ್ಲಿ ಹಿಡಿದು ತೋರಿಸಲು ಬರುವುದಿಲ್ಲ. ಅದು ಯಾವಾಗಲೂ ಯಾವುದೋ ವಸ್ತುವಿನ ಮೇಲೆಯೇ ಇರುತ್ತದೆ. ಅದಲ್ಲದೆ ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವ ಗೆರೆಯನ್ನು ಆಯಾ ಭಾಷೆಯವರು ಎಳೆದುಕೊಂಡಿರುತ್ತಾರೆ. ರಷ್ಯನ್ ಭಾಷೆಯಲ್ಲಿ ಕಡುನೀಲಿಗೂ ತಿಳಿನೀಲಿಗೂ ಎರಡು ಬೇರೆ ಬೇರೆ ಹೆಸರುಗಳಿವೆ. ನಾವು ಎರಡನ್ನೂ ನೀಲಿ ಎನ್ನುತ್ತೇವೆ. ಈ ಗೆರೆಯನ್ನು ಮಗು ನಮ್ಮ ಮಾತು ಕೇಳಿ ಕೇಳಿಯೇ ಕಂಡುಕೊಳ್ಳಬೇಕು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳುತ್ತೇನೆ. ಚಿತ್ರಗಳನ್ನು ಗುರುತಿಸಲು ಕಂಪ್ಯೂಟರಿಗೆ ತರಬೇತಿ ಕೊಡುವಾಗ ಕೆಂಪು ಎಂದು ಬರೆದು ಒಂದೇ ಸೇಬಿನ ಚಿತ್ರವನ್ನು ಸಾವಿರ ಸಲ ತೋರಿಸಿದರೆ ಅದು ಕೆಂಪನ್ನು ಕಲಿಯುವುದಿಲ್ಲ, ಸೇಬನ್ನು ಕಲಿಯುತ್ತದೆ. ಕೆಂಪನ್ನು ಕಲಿಸಬೇಕಾದರೆ ಮೆಣಸಿನಕಾಯಿ, ದಾಸವಾಳ, ಹೆಂಚು, ಹುಂಜದ ಜುಟ್ಟು, ಹೀಗೆ ಬೇರೆ ಬೇರೆ ಆಕಾರದ, ಬೇರೆ ಬೇರೆ ಬೆಳಕಿನ ಕೆಂಪುಗಳನ್ನು ತೋರಿಸಬೇಕು. ಜೊತೆಗೆ ಕೆಂಪಲ್ಲದ ಮೆಣಸಿನಕಾಯಿಯನ್ನೂ ತೋರಿಸಬೇಕು. ಈಗ ನಮ್ಮ ಗೋಡೆಯ ಮೇಲಿನ ಚಾರ್ಟನ್ನು ನೆನಪಿಸಿಕೊಳ್ಳಿ. ಕೆಂಪಿಗೆ ಸೇಬು, ಹಳದಿಗೆ ಬಾಳೆಹಣ್ಣು, ಹಸಿರಿಗೆ ಎಲೆ. ವರ್ಷವಿಡೀ ಅವೇ ಚಿತ್ರಗಳು. ಬೇಲಿಯಾಚೆ ಇರುವ ನೂರು ಬಗೆಯ ಹಸಿರಿಗೆ ಅಲ್ಲಿ ಜಾಗವಿಲ್ಲ.

ಹಾಗಾದರೆ ಏನು ಮಾಡಬೇಕು? ವಾರಕ್ಕೆ ಎರಡು ದಿನ, ಬಿಸಿಲೇರುವ ಮೊದಲು, ಅರ್ಧ ಗಂಟೆ ಮಕ್ಕಳನ್ನು ನಡೆಸಿಕೊಂಡು ಹೋಗಬೇಕು. ದೂರ ಬೇಡ. ಶಾಲೆಯ ಗೇಟಿನಿಂದ ಕೆರೆ ಏರಿಯವರೆಗೆ ಸಾಕು. ಒಂದು ನಡಿಗೆಗೆ ಒಂದೇ ಬಣ್ಣ. ಇಂದು ಹಳದಿ ಎಂದರೆ ಹಳದಿಯನ್ನೇ ಹುಡುಕಬೇಕು. ಬಿದ್ದದ್ದನ್ನು ಮಾತ್ರ ಆಯಬೇಕು, ಗಿಡದಿಂದ ಕೀಳಬಾರದು. ವಾಪಸು ಬಂದು ಜಗಲಿಯ ಮೇಲೆ ತಿಳಿಯದರಿಂದ ಗಾಢದವರೆಗೆ ಸಾಲಾಗಿ ಜೋಡಿಸಬೇಕು. ಜೋಡಿಸುವಾಗ ಮಕ್ಕಳಲ್ಲಿ ಜಗಳ ಬರುತ್ತದೆ, ಬರಲಿ. ಇದು ಹಳದಿಯೋ ಹಸಿರೋ ಎಂಬ ಆ ಜಗಳವೇ ಪಾಠ.

ಮಾತನಾಡುವ ಕ್ರಮವೂ ಮುಖ್ಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಸ್ತುವಿನ ಹೆಸರು ಮೊದಲು, ಬಣ್ಣದ ಹೆಸರು ಆಮೇಲೆ ಬಂದರೆ ಎರಡು ವರ್ಷದ ಮಕ್ಕಳು ಬಣ್ಣವನ್ನು ಚೆನ್ನಾಗಿ ಕಲಿಯುತ್ತಾರೆ ಎಂದು ಕಂಡುಬಂತು. ಅದು ಇಂಗ್ಲಿಷ್ ಮಾತನಾಡುವ ಮಕ್ಕಳ ಮೇಲೆ ನಡೆದದ್ದು. ಕನ್ನಡದಲ್ಲಿಯೂ ಎರಡೂ ರೀತಿ ಹೇಳಬಹುದಲ್ಲವೇ? "ಕೆಂಪು ಹೂ ನೋಡು" ಎನ್ನುವ ಬದಲು "ಹೂ ನೋಡು, ಕೆಂಪಗಿದೆ" ಎನ್ನಿ. ಮೊದಲು ಕಣ್ಣು ಹೂವಿನ ಮೇಲೆ ನೆಲೆಸುತ್ತದೆ, ಆಮೇಲೆ ಬಣ್ಣದ ಪದ ಬಂದು ಸೇರುತ್ತದೆ. ಹಾಗೆಯೇ, ಸಿಕ್ಕ ಕೂಡಲೇ "ಇದು ಯಾವ ಬಣ್ಣ?" ಎಂದು ಪರೀಕ್ಷೆ ಮಾಡಬಾರದು. 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ನಮ್ಮ ಶಿಕ್ಷಕರಿಗೆ ತರಬೇತಿ ನೀಡಿದ ಮರಿಯಾ ಮಾಂಟೆಸೊರಿ ಅವರ ಪದ್ಧತಿಯಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲು "ಇದು ಕೆಂಪು" ಎಂದು ನಾವು ಹೇಳುವುದು. ಆಮೇಲೆ "ಕೆಂಪು ಯಾವುದು, ತೋರಿಸು" ಎಂದು ಕೇಳುವುದು. ಕೊನೆಗೆ "ಇದು ಏನು?" ಎನ್ನುವುದು. ನಾವು ಸಾಮಾನ್ಯವಾಗಿ ಮೂರನೆಯ ಮೆಟ್ಟಿಲಿಗೇ ಜಿಗಿದು, ಮಗು ಎಡವಿದಾಗ ಗದರುತ್ತೇವೆ.

ನಮ್ಮ ಊರಿನ ದಾರಿಯಲ್ಲಿ ಏನೇನಿದೆ? ಯುಗಾದಿಯ ಸುಮಾರಿಗೆ ಮಾವಿನ ಚಿಗುರು ನೋಡಿ. ಅದು ಹಸಿರಲ್ಲ, ತಾಮ್ರದ ಬಣ್ಣ. ಅರಳಿಯ ಚಿಗುರೂ ಹಾಗೆಯೇ. ಎಳೆಯ ಎಲೆಯಲ್ಲಿ ಕೆಂಪು ವರ್ಣಕ ಹೆಚ್ಚಿರುತ್ತದೆ. ಪತ್ರಹರಿತ್ತು ತುಂಬಿದಂತೆ ಹಸಿರಾಗುತ್ತದೆ. ಒಂದೇ ಕೊಂಬೆಯನ್ನು ಹದಿನೈದು ದಿನ ನೋಡಿದರೆ ಬಣ್ಣ ಬದಲಾಗುತ್ತದೆ ಎಂಬುದನ್ನು ಮಗು ತಾನೇ ಕಾಣುತ್ತದೆ. ಅದಕ್ಕೆ ಮೊದಲೇ, ಬೇಸಿಗೆ ಶುರುವಾಗುವಾಗ, ಮುತ್ತುಗದ ಮರ ಎಲೆ ಉದುರಿಸಿ ಕೆಂಡದಂತೆ ಹೂ ಬಿಟ್ಟಿರುತ್ತದೆ. ಮಳೆ ಹಿಡಿದ ಮೇಲೆ ನೇರಳೆ ಹಣ್ಣು. ಆ ಬಣ್ಣವನ್ನು ನಾಲಿಗೆಯ ಮೇಲೇ ತೋರಿಸಬಹುದು. ದಸರಾ ದೀಪಾವಳಿಯ ನಡುವೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ಹಳದಿಗೆ ಬೇರೆ ಪಾಠವೇ ಬೇಡ. ಬೇಲಿಯ ಲಂಟಾನದಲ್ಲಿ ಅರಳಿದಾಗ ಹಳದಿ ಇದ್ದ ಪುಟ್ಟ ಹೂ ಆಮೇಲೆ ಕೆಂಪಿಗೋ ಗುಲಾಬಿಗೋ ತಿರುಗುತ್ತದೆ, ಒಂದೇ ಗೊಂಚಲಿನಲ್ಲಿ ಎರಡೂ ಕಾಣುತ್ತವೆ.

ನೀಲಿ ಮಾತ್ರ ಸುಲಭವಾಗಿ ಸಿಗುವುದಿಲ್ಲ. ಶಂಖಪುಷ್ಪ ಒಂದಿದೆ. ಇನ್ನೊಂದು, ಕರೆಂಟು ತಂತಿಯ ಮೇಲೆ ಮಂಕಾಗಿ ಕೂತಿರುವ ನಮ್ಮ ರಾಜ್ಯಪಕ್ಷಿ ನೀಲಕಂಠ. ಅದು ಹಾರಿದಾಗ ನೋಡಬೇಕು. ರೆಕ್ಕೆ ಬಿಚ್ಚಿದ ಕೂಡಲೇ ನೀಲಿ! ಆ ಗರಿಯಲ್ಲಿ ನೀಲಿ ವರ್ಣಕವೇ ಇಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ಕಾಣಿಸುತ್ತದೆ. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಸಮುದ್ರ ಏಕೆ ನೀಲಿ ಎಂಬ ಪ್ರಶ್ನೆ ಹಿಡಿದ ಸಿ. ವಿ. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಬಂತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು ಎಪ್ಪತ್ತು ದಾಟಿದ ಮೇಲೂ ಹೂವುಗಳ ಬಣ್ಣವನ್ನು ಅಭ್ಯಾಸ ಮಾಡುತ್ತಿದ್ದರು. ಬಣ್ಣದ ಬಗ್ಗೆ ಏಕೆ ಎಂದು ಕೇಳುವುದು ಎಳೆಯ ಮಕ್ಕಳಿಗೂ ಇಳಿವಯಸ್ಸಿನ ವಿಜ್ಞಾನಿಗೂ ಸಮಾನ.

ಭಾಷೆಯ ಮಾತೂ ಇದೆ. ನನ್ನ ನಾಲ್ಕು ವರ್ಷದ ಮಗಳು ಬೆಂಗಳೂರಿನಲ್ಲಿ ರೆಡ್, ಗ್ರೀನ್, ಬ್ಲೂ ಎನ್ನುತ್ತಾಳೆ. ರಜೆಯಲ್ಲಿ ಇಲ್ಲಿಗೆ ಬಂದಾಗ ಅವಳ ಅಜ್ಜಿ ಅವಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, "ಇದು ಬ್ರೌನ್ ಅಲ್ಲ ಕಣವ್ವ, ಕೌಲು" ಎಂದು ಹಸು ತೋರಿಸಿದರು. ಆ ಪದ ನನಗೂ ಮರೆಯುತ್ತಾ ಬಂದಿತ್ತು. ನಮ್ಮ ಬಣ್ಣದ ಪದಗಳೆಲ್ಲ ನೆಲದಲ್ಲಿ ಬೇರು ಬಿಟ್ಟವು. ಹಸಿ ಮತ್ತು ಹಸಿರು ಒಂದೇ ಬಳ್ಳಿಯವು. ಕಿತ್ತಳೆ, ನೇರಳೆ ಹಣ್ಣಿನಿಂದ ಬಂದವು, ಗುಲಾಬಿ ಹೂವಿನಿಂದ, ಬೂದು ಒಲೆಯ ಬೂದಿಯಿಂದ. ಬೆಳ್ಳಕ್ಕಿ, ಬೆಳ್ಳುಳ್ಳಿ, ಬೆಳದಿಂಗಳು ಮೂರರಲ್ಲೂ ಬಿಳುಪಿದೆ. ಕೆಮ್ಮಣ್ಣು, ಕಾರ್ಮೋಡ, ಎಣ್ಣೆಗೆಂಪು, ಗಿಳಿಹಸಿರು, ಪಾಚಿಹಸಿರು. ಇವನ್ನು ಪುಸ್ತಕದಿಂದ ಕಲಿಸಲಾಗದು. ಪಾಚಿಯ ಮುಂದೆ ನಿಂತು ಪಾಚಿಹಸಿರು ಎಂದರೆ ಒಂದೇ ಸಲಕ್ಕೆ ಸಾಕು.

ಮೊಬೈಲ್ ತೋರಿಸಿದರೂ ಬಣ್ಣ ಕಲಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಮೊಬೈಲಿನ ಪರದೆಯ ಒಂದೊಂದು ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರೇ ದೀಪ. ಸಾಮಾನ್ಯವಾಗಿ ಒಂದೊಂದಕ್ಕೂ 256 ಹಂತ. ಗುಣಿಸಿದರೆ 1,67,77,216 ಬಣ್ಣಗಳು. ಲೆಕ್ಕ ದೊಡ್ಡದೇ. ಆದರೆ ಆ ಹಸಿರನ್ನು ಹಿಸುಕಿದರೆ ಕೈಗೆ ಹತ್ತುವುದಿಲ್ಲ, ಮೂಸಿದರೆ ವಾಸನೆಯಿಲ್ಲ, ಮೂರು ದಿನ ಬಿಟ್ಟರೆ ಒಣಗುವುದಿಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂಬುದನ್ನು ಮಗು ತನ್ನ ಅಂಗೈಯಲ್ಲೇ ನೋಡಬೇಕು. ಹೊರಗಿನ ಬೆಳಕಿನಿಂದ ಇನ್ನೊಂದು ಲಾಭವೂ ಇದೆ. ದಿನವೂ ಹೊರಗೆ ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ತೈವಾನ್ 2010ರಿಂದಲೇ ಶಾಲಾಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಇರಿಸಲು ಯೋಜನೆ ಮಾಡಿತು.

ಈಗ ಸ್ವಲ್ಪ ಗಂಭೀರ ವಿಷಯ. ನಮ್ಮ ಬ್ಯಾಚಿನ ಒಬ್ಬ ಗೆಳೆಯ, ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಲಿಖಿತ ಪರೀಕ್ಷೆ ಪಾಸಾಗಿ, ನೌಕರಿಯ ವೈದ್ಯಕೀಯ ತಪಾಸಣೆಯಲ್ಲಿ ಕೈಬಿಟ್ಟು ಹೋದ. ಕೆಂಪು ಹಸಿರುಗಳ ವ್ಯತ್ಯಾಸ ಅವನಿಗೆ ತಿಳಿಯುವುದಿಲ್ಲ ಎಂಬುದು ಇಪ್ಪತ್ಮೂರನೆಯ ವಯಸ್ಸಿನಲ್ಲಿ ಅವನಿಗೆ ಮೊದಲ ಬಾರಿ ಗೊತ್ತಾಯಿತು. ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಈ ದೋಷ ಹುಟ್ಟಿನಿಂದ ಬರುವುದು, ತಾಯಿಯ ಕಡೆಯ ವಂಶವಾಹಿಯಿಂದ ಗಂಡುಮಕ್ಕಳಿಗೆ ಹೆಚ್ಚಾಗಿ ಬರುವುದು. ಇದರಲ್ಲಿ ಯಾರ ತಪ್ಪೂ ಇಲ್ಲ, ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ರೈಲು ಓಡಿಸುವಂಥ ಕೆಲವು ಕೆಲಸಗಳಿಗೆ ಮಾತ್ರ ಅಡ್ಡಿ. ಮೊದಲೇ ತಿಳಿದಿದ್ದರೆ ಬೇರೆ ದಾರಿಗೆ ಓದಬಹುದು. ಬಣ್ಣದ ನಡಿಗೆಯಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಬೇರೆ ಮಕ್ಕಳು ಗಿಡದಲ್ಲಿ ಹಣ್ಣು ಮೆಣಸಿನಕಾಯಿಯನ್ನು ಥಟ್ಟನೆ ತೋರಿಸುವಾಗ ಐದು ವರ್ಷದ ಒಬ್ಬ ಮತ್ತೆ ಮತ್ತೆ ತಡಕಾಡಿದರೆ, ಅವನನ್ನು ದಡ್ಡ ಎನ್ನಬೇಡಿ. ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆ 1917ರಿಂದಲೂ ಇದೆ, ಕೆಲವು ನಿಮಿಷಗಳ ಕೆಲಸ.

ಎಚ್ಚರಿಕೆಯ ಮಾತು ಎರಡು. ಕೆಂಪು ಕಪ್ಪಿನ ಗುಲಗಂಜಿ ಮಕ್ಕಳನ್ನು ಸೆಳೆಯುತ್ತದೆ; ಅದನ್ನು ಅಗಿದರೆ ಪ್ರಾಣಕ್ಕೇ ಅಪಾಯ. ಉಮ್ಮತ್ತಿ, ಕಣಗಿಲೆ ವಿಷ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಆದ್ದರಿಂದ ಹೋಗುವ ದಾರಿಯನ್ನು ದೊಡ್ಡವರು ಮೊದಲೇ ಒಮ್ಮೆ ನಡೆದು ನೋಡಿರಬೇಕು. ಕೆರೆ ಏರಿಯಿಂದ ಕೆಳಗೆ ಮಕ್ಕಳನ್ನು ಇಳಿಸಬಾರದು. ಹತ್ತು ಮಕ್ಕಳಿಗೆ ಇಬ್ಬರಾದರೂ ಬೇಕು.

ಆ ಇಬ್ಬರು ಎಲ್ಲಿಂದ ಬರಬೇಕು? ಅಡುಗೆ, ತೂಕ, ದಾಖಲೆ ಎಂದು ಕಾರ್ಯಕರ್ತೆಯರಿಗೆ ಆಗಲೇ ಕೈತುಂಬ ಕೆಲಸವಿದೆ. ಅದಕ್ಕೇ ಈ ವೇದಿಕೆಯಲ್ಲಿ ಮೂರು ಮನವಿ ಇಡುತ್ತೇನೆ. ಒಂದು, ನಮ್ಮ ಶಾಲೆಯ ಇಕೋ ಕ್ಲಬ್ಬಿನ ಎಂಟು ಒಂಬತ್ತನೆಯ ತರಗತಿಯ ಮಕ್ಕಳು, ಒಬ್ಬ ಶಿಕ್ಷಕರ ಜೊತೆ, ಪ್ರತಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಂಗನವಾಡಿಯ ಮಕ್ಕಳ ಕೈಹಿಡಿದು ನಡೆಸಲಿ. ಅಂದು ಬಿಸಿಲು ಜೋರಾಗಿದ್ದರೆ ಹೊಂಗೆಯ ನೆರಳಿನ ದಾರಿ ಹಿಡಿಯಲಿ. ಎರಡು, ಅವರೇ ಸೇರಿ ನಮ್ಮ ಊರಿನ ಬಣ್ಣದ ಪಂಚಾಂಗ ಬರೆಯಲಿ. ಯಾವ ತಿಂಗಳು, ಯಾವ ದಾರಿಯಲ್ಲಿ, ಯಾವ ಗಿಡಕ್ಕೆ ಯಾವ ಬಣ್ಣ, ಅಜ್ಜಿಯರು ಅದಕ್ಕೆ ಏನೆನ್ನುತ್ತಾರೆ ಎಂಬುದು ಅದರಲ್ಲಿರಲಿ. ಅಚ್ಚು ಹಾಕಿಸುವ ಖರ್ಚು ನಮ್ಮ ಬ್ಯಾಚಿನದು. ಮೂರನೆಯದು ಊರಿನ ಹಿರಿಯರಿಗೆ. ರಸ್ತೆ ಅಗಲ ಮಾಡುವಾಗ ಕೆರೆ ದಾರಿಯ ಹೊಂಗೆ, ಹುಣಸೆ ಮರಗಳಿಗೆ ಗುರುತು ಹಾಕಿದ್ದಾರೆಂದು ಕೇಳಿದೆ. ರಸ್ತೆ ಬೇಕು, ಬೇಡ ಎನ್ನುವವನು ನಾನಲ್ಲ. ಆದರೆ ಗ್ರಾಮಸಭೆಯಲ್ಲಿ ಒಂದು ಮಾತು ಕೇಳಿ: ಒಂದು ಬದಿಯ ಸಾಲನ್ನಾದರೂ ಉಳಿಸಲು ಸಾಧ್ಯವೇ? ಮರ ಹೋದರೆ ನಮ್ಮ ಮಕ್ಕಳಿಗೆ ಉಳಿಯುವುದು ಗೋಡೆಯ ಚಾರ್ಟು ಮಾತ್ರ.

ಮೊದಲ ನಡಿಗೆ ಮುಂದಿನ ಶನಿವಾರ, ಬಣ್ಣ ಹಸಿರು. ನಾನು ರಜೆ ಹಾಕಿಕೊಂಡಿದ್ದೇನೆ. ಬರುವವರು ಗೇಟಿನ ಬಳಿ ಬನ್ನಿ, ಚಪ್ಪಲಿ ಗಟ್ಟಿಯಾಗಿರಲಿ, ಮಕ್ಕಳಿಗೆ ನೀರು ತನ್ನಿ.